ಮೂಗಿಗಿಂತ ಮೂಗುತಿ ಭಾರ: ಅಗ್ಗದ ಪ್ರಿಂಟರ್, ದುಬಾರಿ ಇಂಕ್

ನಿನ್ನೆಯವರೆಗೆ ಸರಿಯಾಗಿ ಕೆಲಸ ಮಾಡುತ್ತಿದ್ದ ಪ್ರಿಂಟರ್ ಇವತ್ತು ಬೆಳಗ್ಗೆ ಮುಷ್ಕರ ಹೂಡುತ್ತದೆ. ಪುಟ್ಟ ಪರದೆಯ ಮೇಲೆ ಒಂದು ಸಾಲು: ಈ ಕಾರ್ಟ್ರಿಜ್ ನಮ್ಮ ಕಂಪನಿಯದ್ದಲ್ಲ, ಬದಲಾಯಿಸಿ. ಕಾರ್ಟ್ರಿಜ್‌ನಲ್ಲಿ ಇಂಕ್ ಇದೆ. ಪ್ರಿಂಟರ್ ಕೆಟ್ಟಿಲ್ಲ. ಮಧ್ಯೆ ಆಗಿದ್ದು ಇಷ್ಟೇ, ರಾತ್ರಿ ಇಂಟರ್ನೆಟ್ ಮೂಲಕ ಒಂದು ಅಪ್‌ಡೇಟ್ ಬಂದು ಒಳಗೆ ಕೂತಿದೆ.

ಇಂಥ ಸುದ್ದಿಗಳು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿವೆ. ಅವುಗಳ ನಡುವೆ ಜನರನ್ನು ಜಾಸ್ತಿ ಗಲಿಬಿಲಿ ಮಾಡಿದ್ದು 2024ರ ಜನವರಿಯ ಒಂದು ಮಾತು. ಎಚ್‌ಪಿ ಕಂಪನಿಯ ಆಗಿನ ಸಿಇಒ ಎನ್ರಿಕೆ ಲೋರೆಸ್ ಅವರು ಸಿಎನ್‌ಬಿಸಿ ವಾಹಿನಿಯ ಜೊತೆ ಮಾತಾಡುತ್ತಾ, ಗ್ರಾಹಕ ಒಂದು ಪ್ರಿಂಟರ್ ಕೊಂಡಾಗಲೆಲ್ಲ ನಾವು ಅವನ ಮೇಲೆ ಹಣ ಹೂಡುತ್ತೇವೆ, ಅವನು ಸಾಕಷ್ಟು ಪ್ರಿಂಟ್ ಮಾಡದಿದ್ದರೆ ಅಥವಾ ನಮ್ಮ ಇಂಕ್ ಬಳಸದಿದ್ದರೆ ಅದು ಕೆಟ್ಟ ಹೂಡಿಕೆ ಎಂಬರ್ಥದ ಮಾತು ಹೇಳಿದರು. ದುಡ್ಡು ಕೊಟ್ಟು ಸಾಮಾನು ತಗೊಂಡವನು ಅಂಗಡಿಯವನಿಗೆ ಲಾಭ ಅಲ್ವಾ? ಅವನು ನಷ್ಟ ಆಗುವುದು ಹೇಗೆ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಕಾರ್ಟ್ರಿಜ್‌ನ ಚಿಪ್ ಯಾಕೆ ಬಂತು, ಅಪ್‌ಡೇಟ್ ಯಾಕೆ ಬಾಗಿಲು ಹಾಕುತ್ತದೆ, ಕೋರ್ಟಿನಲ್ಲಿ ಏನು ನಡೆಯಿತು, ಈಗ ತಿಂಗಳ ಬಾಡಿಗೆಯ ಮಾತು ಯಾಕೆ ಬಂದಿದೆ, ಎಲ್ಲವೂ.

ಅಂಗಡಿಯಲ್ಲಿ ಕೊಟ್ಟದ್ದು ಮುಂಗಡ ಮಾತ್ರ

ಇಂಕ್‌ಜೆಟ್ ಪ್ರಿಂಟರ್ ಹುಟ್ಟುವಾಗಲೇ ಅಗ್ಗವಾಗಿರಲಿಲ್ಲ. 1988ರಲ್ಲಿ ಬಂದ ಎಚ್‌ಪಿಯ ಮೊದಲ ಡೆಸ್ಕ್‌ಜೆಟ್‌ಗೆ ಸುಮಾರು 1,000 ಡಾಲರ್ ಬೆಲೆ ಇತ್ತು. ಆಮೇಲೆ ಕಂಪ್ಯೂಟರ್ ಮನೆಮನೆಗೆ ಬಂತು, ಪೈಪೋಟಿ ಏರಿತು, ಯಂತ್ರದ ಬೆಲೆ ಇಳಿಯುತ್ತಾ ಹೋಯಿತು. ಇಳಿದು ಇಳಿದು, ಅದನ್ನು ತಯಾರಿಸಿ ಅಂಗಡಿಗೆ ತಲುಪಿಸುವ ಖರ್ಚು ಹುಟ್ಟುವುದೇ ಕಷ್ಟ ಎನ್ನುವ ಮಟ್ಟಕ್ಕೆ ಬಂತು.

ಹಾಗಾದರೆ ಕಂಪನಿ ಬದುಕುವುದು ಹೇಗೆ? ಇಂಕಿನ ಮೇಲೆ. ಎಚ್‌ಪಿಯ 2023ರ ಲೆಕ್ಕಪತ್ರ ನೋಡಿದರೆ ಪ್ರಿಂಟಿಂಗ್ ವಿಭಾಗದ ಆದಾಯದಲ್ಲಿ 100ಕ್ಕೆ 60ಕ್ಕಿಂತ ಜಾಸ್ತಿ ಪಾಲು ಇಂಕ್, ಲೇಸರ್ ಪ್ರಿಂಟರಿನ ಟೋನರ್ ಪುಡಿ, ಇಂಥ ಖರ್ಚಾಗುವ ಸಾಮಾನಿನದ್ದು. ಅದೇ ಕಂಪನಿ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳನ್ನೂ ಮಾರುತ್ತದೆ. ಆದರೆ ಅದರಲ್ಲಿ ಉಳಿಯುವ ಲಾಭದ ಪ್ರಮಾಣ ಪ್ರಿಂಟಿಂಗ್ ವಿಭಾಗದ ಅರ್ಧಕ್ಕಿಂತ ಕಡಿಮೆ.

ಈ ಬಗೆಯ ವ್ಯಾಪಾರಕ್ಕೆ ರೇಜರ್ ಮತ್ತು ಬ್ಲೇಡಿನ ಉದಾಹರಣೆ ಕೊಡುವುದು ರೂಢಿ. ಜಿಲೆಟ್ ಕಂಪನಿ ರೇಜರನ್ನು ಪುಕ್ಕಟೆಯಂತೆ ಹಂಚಿ ಬ್ಲೇಡಿನಲ್ಲಿ ದುಡ್ಡು ಮಾಡಿತು ಎಂಬ ಕಥೆ ಎಲ್ಲ ಕಡೆ ಸಿಗುತ್ತದೆ. ತಮಾಷೆಯೆಂದರೆ ಅದು ಪೂರ್ತಿ ನಿಜ ಅಲ್ಲ. ಪೇಟೆಂಟ್ ಕೈಯಲ್ಲಿದ್ದಷ್ಟು ಕಾಲ ಜಿಲೆಟ್ ತನ್ನ ರೇಜರನ್ನು 5 ಡಾಲರ್‌ಗೆ, ಅಂದರೆ ಆಗಿನ ಕಾಲಕ್ಕೆ ಭಾರಿ ಬೆಲೆಗೇ ಮಾರುತ್ತಿತ್ತು. ಬೆಲೆ ಬಿದ್ದದ್ದು 1921ರಲ್ಲಿ ಪೇಟೆಂಟ್ ಮುಗಿದು ಪೈಪೋಟಿ ಬಂದ ಮೇಲೆ. ಅಗ್ಗದ ರೇಜರ್, ದುಬಾರಿ ಬ್ಲೇಡ್ ಎಂಬ ಸೂತ್ರವನ್ನು ಜಿಲೆಟ್‌ಗಿಂತ ನಿಷ್ಠೆಯಿಂದ ಪಾಲಿಸಿದವರು ಪ್ರಿಂಟರ್ ಕಂಪನಿಗಳೇ ಎನ್ನಬಹುದು.

ಲೋರೆಸ್ ಅವರ ಮಾತಿನ ಅರ್ಥ ಇಲ್ಲಿದೆ. ಅಗ್ಗದ ಪ್ರಿಂಟರ್ ಮಾರುವುದೆಂದರೆ ಗ್ರಾಹಕನಿಗೆ ಸದ್ದಿಲ್ಲದೆ ಸಾಲ ಕೊಟ್ಟ ಹಾಗೆ. ಅಂಗಡಿಯಲ್ಲಿ ಕೊಟ್ಟ ಹಣ ಮುಂಗಡ. ಬಾಕಿ ಕಂತುಗಳು ಕಾರ್ಟ್ರಿಜ್ ರೂಪದಲ್ಲಿ ಬರಬೇಕು. ಆದರೆ ಈ ಸಾಲಕ್ಕೆ ಪತ್ರ ಇಲ್ಲ, ಸಹಿ ಇಲ್ಲ, ಸಾಲ ತಗೊಂಡಿದ್ದೇನೆ ಎಂಬ ಅರಿವೂ ಕೊಂಡವನಿಗಿಲ್ಲ. ಅವನ ಪ್ರಕಾರ ವ್ಯಾಪಾರ ಅಂಗಡಿಯಲ್ಲೇ ಮುಗಿದಿದೆ. ಕಂಪನಿಯ ಪ್ರಕಾರ ಅದು ಅಲ್ಲಿ ಶುರುವಾಗಿದೆ. ಮುಂದಿನ ಜಗಳಗಳೆಲ್ಲ ಹುಟ್ಟಿದ್ದು ಈ ಎರಡು ಎಣಿಕೆಗಳ ನಡುವಿನ ಸಂದಿಯಲ್ಲಿ.

ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ

ಒಂದು ಕಾರ್ಟ್ರಿಜನ್ನು ಕೈಯಲ್ಲಿ ಹಿಡಿದು ನೋಡೋಣ. ಅಗ್ಗದ ಪ್ರಿಂಟರುಗಳಿಗೆ ಬರುವ ಎಚ್‌ಪಿ 305 ಎಂಬ ಕಪ್ಪು ಕಾರ್ಟ್ರಿಜ್ ಬೆಂಕಿಪೊಟ್ಟಣಕ್ಕಿಂತ ದೊಡ್ಡದು. ಕಂಪನಿ ಹೇಳುವಂತೆ ಅದರಿಂದ ಸುಮಾರು 120 ಪುಟ ಬರುತ್ತದೆ. ಒಳಗಿರುವ ಇಂಕ್ ಎಷ್ಟು? 2 ಮಿಲಿಲೀಟರ್. ಒಂದು ಟೀ ಚಮಚಕ್ಕೆ 5 ಮಿಲಿಲೀಟರ್ ಹಿಡಿಯುತ್ತದೆ ಎಂದರೆ ಇದು ಅರ್ಧ ಚಮಚವೂ ಆಗಲಿಲ್ಲ. ಉಳಿದ ಜಾಗದಲ್ಲಿ ಇರುವುದು ಇಂಕ್ ಹಿಡಿದುಕೊಳ್ಳುವ ಸ್ಪಂಜು, ಪ್ಲಾಸ್ಟಿಕ್ ಮತ್ತು ಗಾಳಿ.

ಒಂದು ಲೀಟರ್ ಇಂಕ್ ಬೇಕೆಂದರೆ ಇಂಥ 500 ಕಾರ್ಟ್ರಿಜ್ ಬೇಕು. ಒಂದು ಕಾರ್ಟ್ರಿಜ್ ಬೆಲೆಯನ್ನು 500ರಿಂದ ಗುಣಿಸಿದರೆ ಲೀಟರಿನ ಬೆಲೆ ಸಿಗುತ್ತದೆ. ಗುಣಿಸಿದವರು ಸಾಮಾನ್ಯವಾಗಿ ಕ್ಯಾಲ್ಕುಲೇಟರನ್ನು ಇನ್ನೊಂದು ಸಲ ಒತ್ತಿ ನೋಡುತ್ತಾರೆ.

ಹೋಲಿಕೆಗೆ ಎಪ್ಸನ್‌ನ ಟ್ಯಾಂಕ್ ಪ್ರಿಂಟರುಗಳಿಗೆ, ಅಂದರೆ ಬಾಟಲಿಯಿಂದ ಇಂಕ್ ಸುರಿದು ತುಂಬಿಸುವ ಯಂತ್ರಗಳಿಗೆ, ಬರುವ 003 ಎಂಬ ಕಪ್ಪು ಇಂಕಿನ ಬಾಟಲಿ ತಗೊಳ್ಳಿ. ಅದರಲ್ಲಿ 65 ಮಿಲಿಲೀಟರ್, ಸುಮಾರು 4,500 ಪುಟ. ಭಾಗಿಸಿ ನೋಡಿದರೆ ಎರಡರಲ್ಲೂ ಒಂದು ಮಿಲಿಲೀಟರಿಗೆ 60ರಿಂದ 70 ಪುಟದ ಲೆಕ್ಕವೇ ಬರುತ್ತದೆ. ಅಂದರೆ ಇಂಕ್ ಖರ್ಚಾಗುವ ರೀತಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಒಂದು ಸಲಕ್ಕೆ ಎಷ್ಟು ಅಳೆದು ಕೊಡುತ್ತಾರೆ ಮತ್ತು ಆ ಅಳತೆಗೆ ಎಷ್ಟು ಕೇಳುತ್ತಾರೆ ಎಂಬುದರಲ್ಲಿ.

ಪ್ರಿಂಟರ್ ಜೊತೆಗೇ ಪೆಟ್ಟಿಗೆಯಲ್ಲಿ ಬರುವ ಕಾರ್ಟ್ರಿಜ್‌ಗಳದ್ದು ಇನ್ನೊಂದು ಕಥೆ. ಸೆಟಪ್ ಕಾರ್ಟ್ರಿಜ್ ಎನ್ನುವ ಇವುಗಳಲ್ಲಿ ಎಷ್ಟೋ ಮಾದರಿಗಳಲ್ಲಿ ಅಂಗಡಿಯ ಕಾರ್ಟ್ರಿಜ್‌ಗಿಂತ ಕಡಿಮೆ ಇಂಕ್ ಇರುತ್ತದೆ. ಜೊತೆಗೆ ಹೊಸ ಪ್ರಿಂಟರ್ ಮೊದಲ ಸಲ ತಯಾರಾಗುವಾಗ ಒಂದಷ್ಟನ್ನು ತಾನೇ ಕುಡಿಯುತ್ತದೆ. ಹಾಗಾಗಿ ಮೊದಲ ಕಂತು ಬಹಳ ಬೇಗ ಬರುತ್ತದೆ.

ಪ್ರಿಂಟ್ ಮಾಡದಿದ್ದರೂ ಖಾಲಿಯಾಗುವ ಇಂಕ್

ಪೆಟ್ಟಿಗೆಯ ಮೇಲೆ 120 ಪುಟ ಅಂತ ಇದೆ, ನನಗೆ 60 ಕೂಡ ಬರಲಿಲ್ಲ ಎಂಬ ದೂರು ಸಾಮಾನ್ಯ. ಕಂಪನಿ ಸುಳ್ಳು ಹೇಳುತ್ತಿದೆಯೇ? ಬಹುತೇಕ ಇಲ್ಲ. ಅದು ಅಳೆದ ರೀತಿ ಬೇರೆ, ಮನೆಯಲ್ಲಿ ಬಳಸುವ ರೀತಿ ಬೇರೆ.

ಬಣ್ಣದ ಇಂಕ್‌ಜೆಟ್‌ಗಳ ಪುಟಗಳನ್ನು ಎಣಿಸಲು ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಐದು ಮಾದರಿ ಪುಟಗಳನ್ನು ಒಂದಾದ ಮೇಲೊಂದರಂತೆ ಕಾರ್ಟ್ರಿಜ್ ಮುಗಿಯುವವರೆಗೆ ಪ್ರಿಂಟ್ ಮಾಡುತ್ತಲೇ ಇರಬೇಕು. ಕನಿಷ್ಠ ಮೂರು ಪ್ರಿಂಟರ್, ಪ್ರತಿಯೊಂದಕ್ಕೂ ಮೂರು ಕಾರ್ಟ್ರಿಜ್. ಬಿಡುವಿಲ್ಲದೆ ಓಡುವ ಯಂತ್ರ ಇಂಕನ್ನು ಹೆಚ್ಚುಕಡಿಮೆ ಎಲ್ಲವನ್ನೂ ಕಾಗದಕ್ಕೇ ಕೊಡುತ್ತದೆ. ಬೇರೆ ಬೇರೆ ಮಾದರಿಗಳನ್ನು ಹೋಲಿಸಲು ಇದು ಒಳ್ಳೆಯ ಅಳತೆಯೇ. ಆದರೆ ಮನೆಯಲ್ಲಿ ಯಾರೂ ಹಾಗೆ ಪ್ರಿಂಟ್ ಮಾಡುವುದಿಲ್ಲ. ಸೋಮವಾರ ಎರಡು ಪುಟ, ಆಮೇಲೆ ಹತ್ತು ದಿನ ಏನೂ ಇಲ್ಲ, ಆಮೇಲೆ ಒಂದು ಅರ್ಜಿ.

ಆ ಹತ್ತು ದಿನದಲ್ಲಿ ಏನಾಗುತ್ತದೆ? ಇಂಕ್ ಹೊರಬರುವ ತೂತುಗಳು, ಅಂದರೆ ನಾಝಲ್‌ಗಳು, ಕೂದಲೆಳೆಗಿಂತ ಸಣ್ಣವು. ಇಂಕಿನಲ್ಲಿ ಜಾಸ್ತಿ ಇರುವುದು ನೀರು. ನೀರು ಆರಿದರೆ ಬಣ್ಣ ಗಟ್ಟಿಯಾಗಿ ತೂತು ಮುಚ್ಚುತ್ತದೆ. ಹಾಗಾಗದಿರಲಿ ಅಂತ ಪ್ರಿಂಟರ್ ಆಗಾಗ, ಅದರಲ್ಲೂ ಸ್ವಿಚ್ ಹಾಕಿದ ಕೂಡಲೇ, ನಾಝಲ್‌ಗಳಿಂದ ಒಂದಿಷ್ಟು ಇಂಕನ್ನು ಹೊರಗೆ ಎಳೆದು ಚೆಲ್ಲುತ್ತದೆ. ಆನ್ ಮಾಡಿದಾಗ ಕೇಳುವ ಆ ಕಿರಿಕಿರಿ ಸದ್ದು, ಗರ್ ಗರ್ ಎಂದು ನಾಝಲ್‌ಗಳಿರುವ ಹೆಡ್ ಅತ್ತಿತ್ತ ಓಡಾಡುವುದು, ಇದೇ ಕೆಲಸ. ಗೆರೆ ಬಿದ್ದ ಪುಟ ಬಂದಾಗ ನಾವು ಮೆನುವಿಗೆ ಹೋಗಿ ಕ್ಲೀನಿಂಗ್ ಒತ್ತುತ್ತೇವಲ್ಲ, ಅದು ಇದರ ದೊಡ್ಡಣ್ಣ. ಎರಡು ಮೂರು ಸಲ ಒತ್ತಿದರೆ ಸಣ್ಣ ಕಾರ್ಟ್ರಿಜ್‌ನ ಒಳ್ಳೆಯ ಪಾಲು ಹೋಗಿರುತ್ತದೆ.

ಚೆಲ್ಲಿದ ಇಂಕ್ ಎಲ್ಲಿಗೆ ಹೋಗುತ್ತದೆ? ಪ್ರಿಂಟರಿನ ಹೊಟ್ಟೆಯಲ್ಲಿ ದಪ್ಪ ಬಟ್ಟೆಯಂಥ ಒಂದು ಪ್ಯಾಡ್ ಇರುತ್ತದೆ. ದುಡ್ಡು ಕೊಟ್ಟು ತಂದ ಇಂಕನ್ನು ಅದು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಒಂದು ದಿನ ಅದೂ ತುಂಬುತ್ತದೆ. ಎಷ್ಟು ಇಂಕ್ ಚೆಲ್ಲಿದ್ದೇನೆ ಎಂದು ಪ್ರಿಂಟರ್ ಎಣಿಸಿಟ್ಟುಕೊಂಡಿರುತ್ತದೆ. ಎಣಿಕೆ ಮಿತಿ ಮುಟ್ಟಿದರೆ ಯಂತ್ರವೇ ನಿಲ್ಲುತ್ತದೆ. ಕೆಲವು ಮಾದರಿಗಳಲ್ಲಿ ಪ್ಯಾಡ್ ಇರುವ ಡಬ್ಬಿಯನ್ನು ಮನೆಯಲ್ಲೇ ಬದಲಿಸಬಹುದು, ಕೆಲವುಗಳಲ್ಲಿ ಸರ್ವಿಸ್‌ಗೆ ಒಯ್ಯಬೇಕು. ಅಗ್ಗದ ಪ್ರಿಂಟರ್ ಆದರೆ ರಿಪೇರಿಗಿಂತ ಹೊಸದು ತರುವುದೇ ಮೇಲು ಎಂಬ ಲೆಕ್ಕ ಬೀಳುತ್ತದೆ. ಸುಸ್ಥಿತಿಯ ಮೋಟರು, ರೋಲರು, ಸ್ಕ್ಯಾನರು ಎಲ್ಲ ಕಸಕ್ಕೆ.

ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಹಿಂದೆ ಬಿಟ್ಟು ಬಿಟ್ಟು ಪ್ರಿಂಟ್ ಮಾಡಿ ಪರೀಕ್ಷೆ ನಡೆಸಿದಾಗ, ಹಲವು ಮಾದರಿಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆ ಇಂಕ್ ಮಾತ್ರ ಕಾಗದಕ್ಕೆ ಮುಟ್ಟಿತ್ತು. ಈಗ ಒಂದು ಲೆಕ್ಕ ಹಾಕಿ. ತಿಂಗಳಿಗೆ 10 ಪುಟ ಪ್ರಿಂಟ್ ಮಾಡುವ ಮನೆಗೆ 120 ಪುಟದ ಕಾರ್ಟ್ರಿಜ್ ಕಾಗದದ ಮೇಲೆ ಒಂದು ವರ್ಷ ಬರಬೇಕು. ಅರ್ಧ ಇಂಕ್ ಕ್ಲೀನಿಂಗ್‌ಗೆ ಹೋದರೆ ಆರೇ ತಿಂಗಳು. ಪುಟದ ಖರ್ಚು ಸರಿಯಾಗಿ ಎರಡು ಪಟ್ಟು.

ಇಲ್ಲಿರುವ ವಿಪರ್ಯಾಸ ಗಮನಿಸಿ. ನಾವು ಪ್ರಿಂಟ್ ಮಾಡುವುದೇ ಅಪರೂಪ, ನಮಗೆ ಅಗ್ಗದ್ದು ಸಾಕು ಅಂತ ಜನ ಸಣ್ಣ ಇಂಕ್‌ಜೆಟ್ ತರುತ್ತಾರೆ. ಆದರೆ ಪುಟದ ಲೆಕ್ಕದಲ್ಲಿ ಅತಿ ಹೆಚ್ಚು ತೆರುವವರು ಅವರೇ. ಅಗ್ಗದ ಇಂಕ್‌ಜೆಟ್ ಅಪರೂಪದ ಬಳಕೆಗೆ ಹೇಳಿ ಮಾಡಿಸಿದ್ದು ಎಂಬ ನಂಬಿಕೆ ತಲೆಕೆಳಗಾದದ್ದು.

ಇನ್ನೊಂದು ಸಣ್ಣ ಕಿರಿಕಿರಿ. ಕಪ್ಪು ಅಕ್ಷರ ಮಾತ್ರ ಬೇಕಿದ್ದರೂ ಹಳದಿ ಖಾಲಿ ಎಂದು ಹಲವು ಪ್ರಿಂಟರ್‌ಗಳು ನಿಲ್ಲುತ್ತವೆ. ಕೆಲವು ಸೆಟ್ಟಿಂಗ್‌ಗಳಲ್ಲಿ ಕಪ್ಪನ್ನೂ ಬಣ್ಣಗಳನ್ನು ಬೆರೆಸಿಯೇ ಮಾಡುತ್ತಾರೆ. ಹೆಡ್ ಒಣಗಬಾರದು ಎಂಬುದು ಕಂಪನಿಗಳು ಕೊಡುವ ಇನ್ನೊಂದು ಕಾರಣ. ಅದರಲ್ಲಿ ಸತ್ಯಾಂಶ ಇದೆ. ಆದರೆ ಇಂಕ್ ಇಲ್ಲವೆಂದು ಸ್ಕ್ಯಾನ್ ಕೂಡ ಮಾಡಲು ಬಿಡದ ಯಂತ್ರಗಳಿಗೆ ಆ ಕಾರಣ ಹೊಂದುವುದಿಲ್ಲ. ಈ ವಿಷಯಕ್ಕೆ 2021ರಲ್ಲಿ ಕ್ಯಾನನ್ ಮೇಲೆ ಅಮೆರಿಕದಲ್ಲಿ ದಾವೆಯೇ ಹೂಡಲಾಯಿತು.

ಕಂಪನಿಗಳ ಮಾತಲ್ಲಿ ಎಷ್ಟು ಹುರುಳಿದೆ?

ಇಂಕ್ ಎಂದರೆ ಬರೀ ಬಣ್ಣದ ನೀರಲ್ಲ ಎಂದು ಕಂಪನಿಗಳು ಹೇಳುತ್ತವೆ. ಇದು ಸುಮ್ನೆ ಹೇಳುವ ಮಾತಲ್ಲ. ಎಚ್‌ಪಿ, ಕ್ಯಾನನ್‌ಗಳ ಥರ್ಮಲ್ ತಂತ್ರದಲ್ಲಿ ನಾಝಲ್ ಹಿಂದಿನ ಪುಟ್ಟ ಹೀಟರ್ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಕಾದು ಇಂಕಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಂದು ಹನಿಯನ್ನು ಹೊರಗೆ ಚಿಮ್ಮಿಸುತ್ತದೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಕಾದ ಸಾಲ್ಡರಿಂಗ್ ಕಡ್ಡಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಇಂಕ್ ಚಿಮ್ಮಿದ್ದೇ ಈ ಉಪಾಯಕ್ಕೆ ಮೂಲ ಎಂದು ಆ ಕಂಪನಿ ಹೇಳಿಕೊಳ್ಳುತ್ತದೆ. ಎಪ್ಸನ್ ಮತ್ತು ಬ್ರದರ್ ಶಾಖ ಬಳಸುವುದಿಲ್ಲ, ವಿದ್ಯುತ್ ಕೊಟ್ಟರೆ ಬಾಗುವ ಪೀಝೋ ತುಣುಕಿನಿಂದ ಇಂಕನ್ನು ತಳ್ಳುತ್ತವೆ.

ಹನಿಯ ಗಾತ್ರ ಕೆಲವೇ ಪಿಕೋಲೀಟರ್. ಲೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೋಲೀಟರ್. 5 ಪಿಕೋಲೀಟರಿನ ಹನಿ ಎಂದುಕೊಂಡರೆ ಆ 2 ಮಿಲಿಲೀಟರ್ ಕಾರ್ಟ್ರಿಜ್‌ನಲ್ಲಿ 40 ಕೋಟಿ ಹನಿಗಳಿವೆ. ಪ್ರತಿ ಹನಿಯೂ ನೇರ ಹಾರಬೇಕು, ಕಾಗದದಲ್ಲಿ ಹರಡಬಾರದು, ಬೇಗ ಒಣಗಬೇಕು, ಆದರೆ ನಾಝಲ್‌ನಲ್ಲಿ ಒಣಗಬಾರದು. ಇದನ್ನು ಸಾಧಿಸಲು ಸಂಶೋಧನೆ ಬೇಕು, ಅದಕ್ಕೆ ಹಣ ಬೇಕು. ಎಚ್‌ಪಿ, ಕ್ಯಾನನ್‌ಗಳ ಅಗ್ಗದ ಮಾದರಿಗಳಲ್ಲಿ ನಾಝಲ್ ಇರುವ ಹೆಡ್ ಕೂಡ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ಹಾಗಾಗಿ ನಾವು ಕೊಡುವ ಬೆಲೆ ಬರೀ ಇಂಕಿನದ್ದಲ್ಲ, ಒಂದು ಎಲೆಕ್ಟ್ರಾನಿಕ್ ಭಾಗದ್ದೂ ಹೌದು. ಕಳಪೆ ಇಂಕ್ ಹಾಕಿದರೆ ಹೆಡ್ ಕಟ್ಟಿಕೊಳ್ಳಬಹುದು, ಬಣ್ಣ ಬೇಗ ಮಾಸಬಹುದು ಎಂಬುದೂ ನಿಜವೇ.

ಇಷ್ಟೆಲ್ಲ ಒಪ್ಪಿದರೂ ಒಂದು ತೊಡಕು ಉಳಿಯುತ್ತದೆ. ಅದೇ ಕಂಪನಿಗಳು ಟ್ಯಾಂಕ್ ಪ್ರಿಂಟರುಗಳಿಗೆ ಬಾಟಲಿಯಲ್ಲಿ ಇಂಕ್ ಮಾರುತ್ತವೆ. ಅಲ್ಲಿ ಒಂದು ಪುಟದ ಇಂಕಿನ ಬೆಲೆ ಕಾರ್ಟ್ರಿಜ್‌ನ ಸಣ್ಣ ಅಂಶ. ಇಂಕ್ ತಯಾರಿಯೇ ಅಷ್ಟು ದುಬಾರಿ ಆಗಿದ್ದರೆ ಬಾಟಲಿ ಅಗ್ಗವಾಗಿ ಸಿಗುತ್ತಿರಲಿಲ್ಲ. ಟ್ಯಾಂಕ್ ಪ್ರಿಂಟರಿಗೆ ಮೊದಲೇ ಜಾಸ್ತಿ ಹಣ ಕೊಟ್ಟಿರುತ್ತೇವೆ, ಅಲ್ಲಿ ಸಾಲ ಇಲ್ಲ, ಹಾಗಾಗಿ ಇಂಕಿನ ಮೇಲೆ ಕಂತೂ ಇಲ್ಲ.

ಚಿಪ್ ಎಂಬ ವಸೂಲಿಗಾರ

ಸಾಲ ಕೊಟ್ಟವನಿಗೆ ವಸೂಲಿಯ ಚಿಂತೆ ಇದ್ದೇ ಇರುತ್ತದೆ. ಬೇರೆ ಯಾರೋ ಅದೇ ಅಳತೆಯ ಕಾರ್ಟ್ರಿಜನ್ನು ಅರ್ಧ ಬೆಲೆಗೆ ಮಾರಿದರೆ, ಅಥವಾ ಖಾಲಿ ಡಬ್ಬಿಗೆ ಇಂಕ್ ತುಂಬಿಕೊಟ್ಟರೆ, ಕಂತು ನಿಂತಿತು. ಅದಕ್ಕೆ ಬಂದದ್ದು ಚಿಪ್. ಇಂಕ್ ಎಷ್ಟು ಉಳಿದಿದೆ ಎಂದು ಹೇಳುವುದು ಅದರ ಒಂದು ಕೆಲಸ. ನಾನು ಅಸಲಿ ಎಂದು ಪ್ರಿಂಟರಿಗೆ ಗುರುತು ಹೇಳುವುದು ಇನ್ನೊಂದು. ಗುರುತು ಸರಿಹೋಗದಿದ್ದರೆ ಪ್ರಿಂಟರ್ ಬಾಯಿ ತೆರೆಯುವುದಿಲ್ಲ.

2016ರ ಸೆಪ್ಟೆಂಬರ್ 13ರಂದು ಇದರ ಪೂರ್ಣ ಶಕ್ತಿ ಜಗತ್ತಿಗೆ ಗೊತ್ತಾಯಿತು. ಎಚ್‌ಪಿಯ ಹಲವು ಆಫೀಸ್‌ಜೆಟ್ ಮಾದರಿಗಳು ಆ ದಿನ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಟ್ಟೊಟ್ಟಿಗೇ ತಿರಸ್ಕರಿಸಿದವು. ಫರ್ಮ್‌ವೇರ್, ಅಂದರೆ ಪ್ರಿಂಟರನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್, ಮೊದಲೇ ಒಳಗಿತ್ತು, ಮುಹೂರ್ತಕ್ಕೆ ಕಾಯುತ್ತಿತ್ತು. ಗದ್ದಲ ಎದ್ದ ಮೇಲೆ ಅದೇ ತಿಂಗಳಲ್ಲಿ ಎಚ್‌ಪಿ ಕ್ಷಮೆ ಕೇಳಿತು. ಆದರೆ ಕ್ಷಮೆ ಕೇಳಿದ್ದು ಸರಿಯಾಗಿ ತಿಳಿಸಲಿಲ್ಲ ಎಂಬುದಕ್ಕೆ, ತಡೆ ಹಾಕಿದ್ದಕ್ಕಲ್ಲ. ಡೈನಾಮಿಕ್ ಸೆಕ್ಯುರಿಟಿ ಎಂಬ ಹೆಸರಿನ ಆ ವ್ಯವಸ್ಥೆ ಹೊಸ ಮಾದರಿಗಳಲ್ಲೂ ಮುಂದುವರಿಯಿತು.

2018ರಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗದ ಮುಂದೆ ಎಚ್‌ಪಿ ತೊಂದರೆಗೊಳಗಾದ ಗ್ರಾಹಕರಿಗೆ ತಲಾ 50 ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರ ಡಿಸೆಂಬರಿನಲ್ಲಿ 1 ಕೋಟಿ ಯೂರೊ ದಂಡ ಹಾಕಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಎರಡೂ ಕಡೆ ಮುಖ್ಯ ತಕರಾರು, ಗ್ರಾಹಕರಿಗೆ ಮೊದಲೇ ಸ್ಪಷ್ಟವಾಗಿ ಹೇಳಲಿಲ್ಲ ಎಂಬುದು. ಆದ್ದರಿಂದ ಕಂಪನಿಗಳು ಕಲಿತ ಪಾಠವೂ ಅದೇ: ಪೆಟ್ಟಿಗೆಯ ಮೇಲೆ ಬರೆದುಬಿಡಿ. ಈಗ ಹಲವು ಎಚ್‌ಪಿ ಪೆಟ್ಟಿಗೆಗಳ ಮೇಲೆ, ಈ ಪ್ರಿಂಟರ್ ಎಚ್‌ಪಿ ಚಿಪ್ ಇರುವ ಕಾರ್ಟ್ರಿಜ್‌ಗೆ ಮಾತ್ರ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೀಗ ಹಾಗೇ ಇದೆ, ಬೋರ್ಡ್ ಬಂದಿದೆ.

ಚಿಪ್ ಇಲ್ಲದೆ ಆಗುವುದೇ ಇಲ್ಲವೇ ಎಂಬ ಪ್ರಶ್ನೆಗೆ 2022ರ ಆರಂಭದಲ್ಲಿ ಅನಿರೀಕ್ಷಿತ ಉತ್ತರ ಸಿಕ್ಕಿತು. ಜಗತ್ತಿನೆಲ್ಲೆಡೆ ಚಿಪ್‌ಗಳ ಕೊರತೆ ಇತ್ತು. ಕ್ಯಾನನ್‌ಗೂ ತನ್ನ ಆಫೀಸ್ ಪ್ರಿಂಟರುಗಳ ಟೋನರ್ ಡಬ್ಬಿಗೆ ಅಂಟಿಸಲು ಚಿಪ್ ಸಿಗಲಿಲ್ಲ. ಚಿಪ್ ಇಲ್ಲದ ಅಸಲಿ ಟೋನರನ್ನೇ ಮಾರಬೇಕಾಯಿತು. ಪ್ರಿಂಟರ್ ಅದನ್ನು ನಕಲಿ ಎಂದು ಗುರ್ರೆನ್ನುತ್ತಿತ್ತು. ಕೊನೆಗೆ ಕ್ಯಾನನ್‌ನ ಜರ್ಮನಿ ಘಟಕವೇ ಆ ಎಚ್ಚರಿಕೆಯನ್ನು ದಾಟಿ ಹೋಗುವುದು ಹೇಗೆಂದು ಗ್ರಾಹಕರಿಗೆ ಹೇಳಿಕೊಟ್ಟಿತು. ಪ್ರಿಂಟಿನ ಗುಣಮಟ್ಟಕ್ಕೆ ತೊಂದರೆ ಇಲ್ಲ, ಟೋನರ್ ಎಷ್ಟು ಉಳಿದಿದೆ ಎಂದು ತೋರಿಸುವಂಥ ಪೂರಕ ಸೌಲಭ್ಯಗಳಲ್ಲಿ ವ್ಯತ್ಯಾಸ ಆಗಬಹುದು ಎಂದೂ ಸೇರಿಸಿತು. ವರ್ಷಗಟ್ಟಲೆ ನಡೆದ ವಾದವನ್ನು ಒಂದು ಕೊರತೆ ಬಗೆಹರಿಸಿದ ಹಾಗಾಯಿತು.

ಕೋರ್ಟು ಕೊಟ್ಟದ್ದು, ಫರ್ಮ್‌ವೇರ್ ಕಸಿದದ್ದು

ಕಾನೂನಿನ ಹೋರಾಟದಲ್ಲಿ ದೊಡ್ಡ ಹೆಸರು ಅಮೆರಿಕದ ಪ್ರಿಂಟರ್ ಕಂಪನಿ ಲೆಕ್ಸ್‌ಮಾರ್ಕ್. ಮೊದಲ ಪ್ರಕರಣದಲ್ಲಿ ಅದು ಚಿಪ್ ತಯಾರಿಸುವ ಸ್ಟಾಟಿಕ್ ಕಂಟ್ರೋಲ್ ಕಂಪನಿಯ ಮೇಲೆ ಕಾಪಿರೈಟ್ ಕಾನೂನು ಹಿಡಿದು ಹೋಯಿತು. 2004ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಲೆಕ್ಸ್‌ಮಾರ್ಕ್ ಪರವಾಗಿದ್ದ ಕೆಳ ಕೋರ್ಟಿನ ಆದೇಶವನ್ನು ತೆಗೆದುಹಾಕಿತು.

ಎರಡನೆಯದು ಇನ್ನೂ ಮುಖ್ಯ. ಲೆಕ್ಸ್‌ಮಾರ್ಕ್ ತನ್ನ ಟೋನರ್ ಡಬ್ಬಿಗಳನ್ನು ಎರಡು ಬೆಲೆಗೆ ಮಾರುತ್ತಿತ್ತು. ಖಾಲಿ ಡಬ್ಬಿಯನ್ನು ನಮಗೇ ವಾಪಸ್ ಕೊಡುತ್ತೇನೆ, ಮತ್ತೆ ತುಂಬಿಸುವುದಿಲ್ಲ ಎಂದು ಒಪ್ಪಿದರೆ ರಿಯಾಯಿತಿ. ಆದರೂ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಂಸ್ಥೆ ಅಂಥ ಡಬ್ಬಿಗಳನ್ನು ತುಂಬಿ ಮಾರುತ್ತಿತ್ತು. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು: ಸಾಮಾನು ಮಾರಿದ ಕ್ಷಣಕ್ಕೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯುತ್ತದೆ. ಹಳೆ ಕಾರುಗಳನ್ನು ದುರಸ್ತಿ ಮಾಡಿ ಮಾರುವ ಅಂಗಡಿಯ ಉದಾಹರಣೆಯನ್ನು ತೀರ್ಪು ಕೊಟ್ಟಿತು. ಕಾರಿನ ಒಂದೊಂದು ಬಿಡಿಭಾಗ ಮಾಡಿದವನೂ ಬಂದು ಹಕ್ಕು ಕೇಳುತ್ತಿದ್ದರೆ ಆ ಅಂಗಡಿ ನಡೆಯುವುದೆಂತು?

ಅಂದರೆ ಮಾರಿದ್ದು ಮಾರಿದ್ದೇ. ಹಾಗಿದ್ದರೆ ಇಷ್ಟೊತ್ತಿಗೆ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆಂದರೆ ತೀರ್ಪು ಹೇಳಿದ್ದು, ಕಾರ್ಟ್ರಿಜ್ ತುಂಬಿಸಿದವನ ಮೇಲೆ ಪೇಟೆಂಟ್ ಹೆಸರಿನಲ್ಲಿ ಕೇಸು ಹಾಕುವಂತಿಲ್ಲ ಎಂದು. ಪ್ರಿಂಟರ್ ಆ ಕಾರ್ಟ್ರಿಜನ್ನು ಒಪ್ಪಲೇಬೇಕು ಎಂದು ಅದು ಹೇಳಲಿಲ್ಲ. ಕಾನೂನಿನ ಬಾಗಿಲು ತೆರೆದಷ್ಟೂ ಕಂಪನಿಗಳು ಫರ್ಮ್‌ವೇರ್ ಬಾಗಿಲನ್ನು ಗಟ್ಟಿಯಾಗಿ ಹಾಕಿಕೊಂಡವು.

ಇದಕ್ಕೆ ಕೊಡುವ ಹೊಸ ಸಮರ್ಥನೆ ಸುರಕ್ಷತೆ. ಬೇರೆಯವರ ಚಿಪ್ ಮೂಲಕ ವೈರಸ್ ಪ್ರಿಂಟರಿಗೆ, ಅಲ್ಲಿಂದ ನೆಟ್‌ವರ್ಕಿಗೆ ಹೋಗಬಹುದು ಎಂದು ಲೋರೆಸ್ ಅದೇ ಸಂದರ್ಶನದಲ್ಲಿ ಹೇಳಿದರು. ಪ್ರಯೋಗದಲ್ಲಿ ಇದು ಸಾಧ್ಯ ಎಂದು ಎಚ್‌ಪಿ ಹಣ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಕಂಡುಬಂದಿತ್ತು. ಆದರೆ ಆ ದೋಷ ಇರುವುದು ಎಲ್ಲಿ? ಚಿಪ್ ಹೇಳಿದ್ದನ್ನು ಪರಿಶೀಲಿಸದೆ ನುಂಗುವ ಪ್ರಿಂಟರಿನಲ್ಲಿ. ಆ ತೂತನ್ನು ಮುಚ್ಚುವುದು ಕಂಪನಿಯದೇ ಕೆಲಸ. ಅದಕ್ಕಾಗಿ ಪೈಪೋಟಿಯ ಕಾರ್ಟ್ರಿಜ್‌ಗಳನ್ನೆಲ್ಲ ಹೊರಗಿಡಬೇಕು ಎಂಬ ವಾದ ದುರ್ಬಲ ಎಂದೇ ನನಗನಿಸುತ್ತದೆ.

ಟ್ಯಾಂಕ್ ಬಂದದ್ದು ಎಲ್ಲಿಂದ

ಕಂಪನಿಗಳು ಟ್ಯಾಂಕ್ ಪ್ರಿಂಟರ್ ತಂದದ್ದು ಉದಾರ ಮನಸ್ಸಿನಿಂದಲ್ಲ. ಹಲವು ದೇಶಗಳಲ್ಲಿ ಜನರೇ ಪ್ರಿಂಟರಿನ ಪಕ್ಕದಲ್ಲಿ ಬಾಟಲಿ ಇಟ್ಟು, ಸಣ್ಣ ಕೊಳವೆ ಎಳೆದು, ಕಾರ್ಟ್ರಿಜ್‌ಗೆ ಇಂಕ್ ಹರಿಯುವ ಹಾಗೆ ಮಾಡಿಕೊಂಡಿದ್ದರು. ಇಂಡೋನೇಷ್ಯಾದಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಎಪ್ಸನ್ 2010ರಲ್ಲಿ ತನ್ನದೇ ಟ್ಯಾಂಕ್ ಇರುವ ಪ್ರಿಂಟರನ್ನು ಮೊದಲು ಅಲ್ಲೇ ಬಿಡುಗಡೆ ಮಾಡಿತು. ಅಮೆರಿಕದ ಮಾರುಕಟ್ಟೆಗೆ ಅದು ಹೋದದ್ದು 2015ರಲ್ಲಿ. ಆಮೇಲೆ ಕ್ಯಾನನ್, ಎಚ್‌ಪಿ, ಬ್ರದರ್ ಕೂಡ ಅದೇ ದಾರಿ ಹಿಡಿದವು. ಗ್ರಾಹಕರು ಕಂಡುಕೊಂಡ ಉಪಾಯ ಕಂಪನಿಯ ಸರಕಾಗಿ ವಾಪಸ್ ಬಂತು.

ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ. ಇದು ತಿಳಿಯಲಿಕ್ಕೆ ಹಿಡಿದ ಊಹೆಯ ಅಂಕಿ ಅಷ್ಟೇ. ಕಾರ್ಟ್ರಿಜ್ ಪ್ರಿಂಟರಿನ ಬೆಲೆ 100 ಇರಲಿ, 100 ಪುಟ ಕೊಡುವ ಒಂದು ಸೆಟ್ ಕಾರ್ಟ್ರಿಜ್‌ಗೆ 50 ಇರಲಿ. ಟ್ಯಾಂಕ್ ಪ್ರಿಂಟರ್ 250, ಅದರ ಜೊತೆಗೇ ಸಾವಿರಾರು ಪುಟದ ಇಂಕ್. ಮೊದಲ 300 ಪುಟಕ್ಕೆ ಎರಡೂ ಸಮ: 100ಕ್ಕೆ ಮೂರು ಸೆಟ್ ಸೇರಿ 250. ಸಾವಿರ ಪುಟಕ್ಕೆ ಒಂದು 600 ಮುಟ್ಟಿದರೆ ಇನ್ನೊಂದು ಅದೇ 250ರಲ್ಲಿ ನಿಂತಿರುತ್ತದೆ. ಮಕ್ಕಳ ಓದು, ಮನೆಯಿಂದ ಕೆಲಸ ಅಂತ ವಾರವಾರವೂ ಪ್ರಿಂಟ್ ಇರುವಲ್ಲಿ ಸಮವಾಗುವ ಆ ಗೆರೆ ಒಂದು ವರ್ಷದೊಳಗೇ ಬರಬಹುದು.

ತಿಂಗಳಿಗೆ ಮೂರು ಪುಟ ಸಾಕು ಎನ್ನುವವರಿಗೆ ಮಾತ್ರ ಟ್ಯಾಂಕ್ ಕೂಡ ಪರಿಹಾರ ಅಲ್ಲ. ಅದರ ನಾಝಲ್‌ಗಳೂ ಒಣಗುತ್ತವೆ. ಬಣ್ಣ ಬೇಡ, ಬರಿಯ ಅಕ್ಷರ ಸಾಕು ಎಂದರೆ ಕಪ್ಪುಬಿಳುಪು ಲೇಸರ್ ಮೇಲು. ಟೋನರ್ ಪುಡಿಯಾದ್ದರಿಂದ ಒಣಗುವ ಪ್ರಶ್ನೆಯೇ ಇಲ್ಲ. ಆರು ತಿಂಗಳು ಸುಮ್ಮನಿದ್ದು ಎದ್ದರೂ ಮೊದಲ ಪುಟ ಸರಿಯಾಗಿ ಬರುತ್ತದೆ. ಟೋನರ್ ಡಬ್ಬಿಗೂ ಚಿಪ್ ಇರುತ್ತದೆ ಎಂಬುದು ಬೇರೆ ಮಾತು.

ಕೊನೆಗೆ ಬಾಡಿಗೆ

ಸಾಲವನ್ನು ಕಾರ್ಟ್ರಿಜ್ ಮೂಲಕ ವಸೂಲಿ ಮಾಡುವುದು ಕಷ್ಟವಾಗುತ್ತಿದೆ ಎಂದಾದರೆ ಕಂಪನಿಗೆ ಉಳಿಯುವ ದಾರಿ, ಮಾರಾಟವನ್ನೇ ಬಿಟ್ಟು ಬಾಡಿಗೆಗೆ ಕೊಡುವುದು. ಎಚ್‌ಪಿ 2013ರಲ್ಲೇ ಇನ್‌ಸ್ಟಂಟ್ ಇಂಕ್ ಎಂಬ ತಿಂಗಳ ಯೋಜನೆ ತಂದಿತ್ತು. ಅಲ್ಲಿ ಇಂಕಿಗೆ ಬೆಲೆ ಇಲ್ಲ, ಪುಟಕ್ಕೆ ಬೆಲೆ. ಕ್ಲೀನಿಂಗ್‌ಗೆ ಹೋದ ಇಂಕ್ ಕಂಪನಿಯ ತಲೆ ಮೇಲೆ. ಬಣ್ಣ ತುಂಬಿದ ಫೋಟೋಗೂ ಎರಡು ಸಾಲಿನ ಪತ್ರಕ್ಕೂ ಒಂದೇ ಲೆಕ್ಕ. ನಿಯಮಿತವಾಗಿ ಬಣ್ಣದ ಪುಟ ತೆಗೆಯುವವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಯೋಜನೆ ರದ್ದು ಮಾಡಿದರೆ, ಆ ಅವಧಿ ಮುಗಿದ ಮೇಲೆ ಕಾರ್ಟ್ರಿಜ್‌ನಲ್ಲಿ ಇಂಕ್ ತುಳುಕುತ್ತಿದ್ದರೂ ಅದು ಕೆಲಸ ಮಾಡುವುದಿಲ್ಲ. ಆ ಇಂಕ್ ಬಳಕೆದಾರನದ್ದಾಗಿರಲೇ ಇಲ್ಲ.

2024ರ ಫೆಬ್ರವರಿಯಲ್ಲಿ ಇನ್ನೊಂದು ಹೆಜ್ಜೆ. ಅಮೆರಿಕದಲ್ಲಿ ಎಚ್‌ಪಿ ಆಲ್-ಇನ್ ಪ್ಲಾನ್ ಶುರುವಾಯಿತು. ಪ್ರಿಂಟರೇ ಬಾಡಿಗೆಗೆ. ಆಗ ತಿಂಗಳಿಗೆ 20 ಪುಟಕ್ಕೆ 6.99 ಡಾಲರಿನಿಂದ ಆರಂಭ, ಎರಡು ವರ್ಷದ ಕರಾರು, ಪ್ರಿಂಟರ್ ಸದಾ ಇಂಟರ್ನೆಟ್‌ಗೆ ಜೋಡಿಸಿರಬೇಕಿತ್ತು. ಎರಡು ವರ್ಷಕ್ಕೆ ಸುಮಾರು 168 ಡಾಲರ್, 480 ಪುಟ, ಕೊನೆಗೆ ಕೈಯಲ್ಲಿ ಪ್ರಿಂಟರ್ ಇಲ್ಲ. ಪುಟ ಪೂರ್ತಿ ಬಳಸಿದರೂ ಒಂದಕ್ಕೆ 35 ಸೆಂಟ್.

ಬಾಡಿಗೆಯಲ್ಲಿ ಒಂದು ಪ್ರಾಮಾಣಿಕತೆ ಇದೆ ಎಂಬುದನ್ನು ಒಪ್ಪಬೇಕು. ಮೊದಲು ಮುಚ್ಚಿಟ್ಟಿದ್ದ ಕಂತು ಈಗ ಬಿಲ್ಲಿನಲ್ಲೇ ಕಾಣುತ್ತದೆ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದರಲ್ಲಿ ಗೊಂದಲ ಇಲ್ಲ. ತೊಂದರೆ ಆಗುವುದು ಬಾಡಿಗೆಯ ಷರತ್ತುಗಳನ್ನು ಕೊಂಡ ಯಂತ್ರದ ಮೇಲೂ ಹಾಕಿದಾಗ. ಎಚ್‌ಪಿ ಪ್ಲಸ್ ಎಂಬ ಯೋಜನೆ 2020ರಲ್ಲಿ ಬಂದದ್ದು ಹಾಗೆ. ಅದಕ್ಕೆ ಒಪ್ಪಿದರೆ ಕೆಲವು ತಿಂಗಳ ಇಂಕ್ ಉಚಿತ, ಹೆಚ್ಚುವರಿ ವಾರಂಟಿ. ಪ್ರತಿಯಾಗಿ ಪ್ರಿಂಟರ್ ಇರುವವರೆಗೆ ಇಂಟರ್ನೆಟ್ ಮತ್ತು ಅಸಲಿ ಇಂಕ್ ಕಡ್ಡಾಯ. ಅಂಥ ಮಾದರಿಗಳ ಹೆಸರಿನ ಕೊನೆಗೆ ಇಂಗ್ಲಿಷಿನ ಇ ಅಕ್ಷರ ಇರುತ್ತದೆ, ಗಮನಿಸದಿದ್ದರೆ ಕಣ್ಣಿಗೇ ಬೀಳುವುದಿಲ್ಲ.

ಕೊಳ್ಳುವ ಮುಂಚೆ, ಪೆಟ್ಟಿಗೆ ಬಿಚ್ಚುವ ಮುಂಚೆ

ಕಾನೂನು ಸದ್ಯಕ್ಕೆ ಬಂದು ಕಾಪಾಡುವ ಸೂಚನೆ ಕಡಿಮೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ನಿರ್ದೇಶನ ಹೊರಡಿಸಿತು. ಸಾಫ್ಟ್‌ವೇರ್ ಮೂಲಕ ರಿಪೇರಿಗೆ ಅಡ್ಡ ಹಾಕಬಾರದು ಎಂಬ ಮಾತೂ ಅದರಲ್ಲಿದೆ. ಆದರೆ ಅದು ಅನ್ವಯಿಸುವ ಪಟ್ಟಿಯಲ್ಲಿ ವಾಷಿಂಗ್ ಮಷಿನ್, ಫ್ರಿಜ್, ಮೊಬೈಲ್ ಇವೆ, ಪ್ರಿಂಟರ್ ಇಲ್ಲ.

ಹಾಗಾಗಿ ಲೆಕ್ಕ ಹಾಕುವ ಹೊಣೆ ಕೊಳ್ಳುವವರ ಮೇಲೇ ಬೀಳುತ್ತದೆ. ನೋಡಬೇಕಾದದ್ದು ಪ್ರಿಂಟರಿನ ಬೆಲೆಗಿಂತ ಮೊದಲು ಅದಕ್ಕೆ ಹೊಂದುವ ಕಾರ್ಟ್ರಿಜ್‌ನ ಬೆಲೆ ಮತ್ತು ಪುಟದ ಸಂಖ್ಯೆ. ಒಂದನ್ನು ಇನ್ನೊಂದರಿಂದ ಭಾಗಿಸಿ. ಅಪರೂಪಕ್ಕೆ ಬಳಸುವ ಇಂಕ್‌ಜೆಟ್ ಆದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿ. ಎಕ್ಸ್ಎಲ್ ಎಂದು ಬರೆದ ದೊಡ್ಡ ಕಾರ್ಟ್ರಿಜ್ ಹೆಚ್ಚಿನ ಸಲ ಪುಟದ ಲೆಕ್ಕದಲ್ಲಿ ಅಗ್ಗ, ಆದರೆ ಎಲ್ಲ ಮಾದರಿಯಲ್ಲೂ ಅಲ್ಲ.

ಬೇರೆ ಕಂಪನಿಯ ಕಾರ್ಟ್ರಿಜ್ ಬಳಸುವ ಯೋಚನೆ ಇದ್ದರೆ ಅಪ್‌ಡೇಟ್ ವಿಷಯವನ್ನು ಮೊದಲೇ ತೀರ್ಮಾನಿಸಬೇಕು. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸುವ ಸೆಟ್ಟಿಂಗ್ ಹಲವು ಪ್ರಿಂಟರುಗಳಲ್ಲಿದೆ. ಅದನ್ನು ನಿಲ್ಲಿಸಿದರೆ ಕಾರ್ಟ್ರಿಜ್ ತಡೆಯ ಜೊತೆ ನಿಜವಾದ ಸುರಕ್ಷತಾ ರಿಪೇರಿಗಳೂ ನಿಲ್ಲುತ್ತವೆ, ಯಾಕೆಂದರೆ ಕಂಪನಿ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸುತ್ತದೆ. ವೈಫೈ ಬಿಟ್ಟು ಯುಎಸ್‌ಬಿ ಕೇಬಲ್ ಮೂಲಕ ಬಳಸಿದರೆ ಆ ಅಪಾಯ ಬಹಳ ಕಡಿಮೆ. ಇದನ್ನು ಮಾಡಬೇಕಾದ ಹೊತ್ತು ಪ್ರಿಂಟರನ್ನು ಮೊದಲ ಸಲ ವೈಫೈಗೆ ಜೋಡಿಸುವ ಮುಂಚೆ. ಅಪ್‌ಡೇಟ್ ಒಮ್ಮೆ ಒಳಗೆ ಹೋಗಿ ಕೂತರೆ, ಹಳೆಯ ಫರ್ಮ್‌ವೇರ್‌ಗೆ ಮರಳುವ ದಾರಿ ಬಹುತೇಕ ಮಾದರಿಗಳ ಮೆನುವಿನಲ್ಲಿ ಇರುವುದಿಲ್ಲ.